ಮೂರನೇ ಸಾಲಿನಲ್ಲಿ ಕೂತು ನೋಡು

ಮಗನೇ, ದೊಡ್ಡ ಗಾಡಿ ಕೊಳ್ಳುವ ನಿನ್ನ ಆಸೆಗೆ ನಾನು ಅಡ್ಡಿ ಬರುವವನಲ್ಲ. ತುಮಕೂರಿನಲ್ಲಿ ಮನೆ, ಗುಬ್ಬಿ ತಾಲ್ಲೂಕಿನ ಕಡಬದ ಕಡೆ ತೋಟ, ಹೆಂಡತಿಯ ತವರು ಕುಣಿಗಲ್. ಮೂರೂ ಕಡೆ ಏಳು ಜನ ಒಟ್ಟಿಗೆ ಓಡಾಡುವ ಸಂಸಾರಕ್ಕೆ ಈಗಿರುವ ಸಣ್ಣ ಕಾರು ಸಾಲುತ್ತಿಲ್ಲ, ಅದು ನನಗೂ ಕಾಣುತ್ತದೆ. ಆದರೆ ಫಾರ್ಚುನರ್ ನೋಡಿ ಬಂದ ಮೇಲೆ ನೀನು ಹೇಳಿದ್ದೆಲ್ಲ ಸ್ಟೀರಿಂಗ್ ಹಿಡಿದವನ ಮಾತು: ಎತ್ತರದಲ್ಲಿ ಕೂತರೆ ರಸ್ತೆ ಹೇಗೆ ಕಾಣುತ್ತದೆ, ಓವರ್‌ಟೇಕ್ ಮಾಡುವಾಗ ಹೇಗೆ ಎಳೆಯುತ್ತದೆ, ಮುಂದಿನವರು ಹೇಗೆ ದಾರಿ ಬಿಡುತ್ತಾರೆ. ಸಂಸಾರಕ್ಕೆಂದು ಕೊಳ್ಳುವ ಗಾಡಿಯನ್ನು ಆ ಸೀಟಿನಿಂದ ಅಳೆಯಬೇಡ ಕಣಪ್ಪ. ಹತ್ತಿ ಇಳಿಯಲು ಯಾರಿಗೆ ಕಷ್ಟವೋ, ತಾನಾಗಿ ಬೆಲ್ಟ್ ಹಾಕಿಕೊಳ್ಳಲು ಯಾರಿಗೆ ಬಾರದೋ, ಅವರು ಕೂರುವ ಜಾಗದಿಂದ ಅಳೆ. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ದುಡಿದ ನಿನ್ನ ದೊಡ್ಡಪ್ಪನಿಗೆ ತಿಳಿದಷ್ಟನ್ನು ಹೇಳುತ್ತೇನೆ, ಮುಂಗಡ ಕೊಡುವ ಮೊದಲು ಕೇಳಿಸಿಕೋ.

ಮೊದಲು ಗಾಡಿಯ ಅಡಿಭಾಗ. ಫಾರ್ಚುನರ್ ಏಣಿಯಂಥ ಉಕ್ಕಿನ ಚಾಸಿಯ ಮೇಲೆ ಬಾಡಿ ಕೂರಿಸಿದ ಗಾಡಿ. ಭಾರ ಹೊರಲು, ಗುಂಡಿ ಬಿದ್ದ ದಾರಿಯಲ್ಲಿ ವರ್ಷಾನುಗಟ್ಟಲೆ ಬಾಳಲು ಅದು ಒಳ್ಳೆಯ ಕಟ್ಟು. ಆದರೆ ಚಾಸಿ, ಹಿಂದಿನ ಆಕ್ಸಲ್ ಎರಡೂ ಕೆಳಗಿರುವುದರಿಂದ ಒಳಗಿನ ನೆಲ ಎತ್ತರಕ್ಕೆ ಬರುತ್ತದೆ. ಅದರ ಫಲವನ್ನು ಉಣ್ಣುವವರು ಹಿಂದೆ ಕೂತವರು. ಅಜ್ಜಿಗೆ, ಅಂದರೆ ನನ್ನ ಅವ್ವನಿಗೆ, ಮಂಡಿ ಮಡಚಿ ಮೇಲೆ ಹತ್ತಬೇಕು. ಮೂರನೇ ಸಾಲಿನಲ್ಲಿ ನೆಲಕ್ಕೂ ಸೀಟಿಗೂ ಅಂತರ ಕಡಿಮೆ, ಕೂತವರ ಮಂಡಿ ಎದೆಯ ಕಡೆ ಬರುತ್ತದೆ. ಮಕ್ಕಳು ಕೂರುತ್ತಾರೆ ಅನ್ನುತ್ತೀಯ. ಮಕ್ಕಳು ಇನ್ನೈದು ವರ್ಷಕ್ಕೆ ನಿನ್ನೆತ್ತರ ಬರುತ್ತಾರೆ, ಸಾಲದ ಕಂತು ಏಳು ವರ್ಷ ಇರುತ್ತದೆ.

ಫಾರ್ಚುನರ್ ತಯಾರಾಗುವ ಬಿಡದಿಯ ಕಾರ್ಖಾನೆಯಿಂದಲೇ ಬರುವ ಇನೋವಾವನ್ನು ನೀನು ‘ಟ್ಯಾಕ್ಸಿ’ ಅಂತ ತಳ್ಳಿಹಾಕಿದೆ. ಅದು ಸರಿಯಲ್ಲ. ಟೊಯೋಟಾದವರು ಅಲ್ಲಿ 2000ದಲ್ಲಿ ಕ್ವಾಲಿಸ್‌ನಿಂದ ಶುರು ಮಾಡಿದರು, 2005ರಲ್ಲಿ ಇನೋವಾ ಬಂತು, 2009ರಲ್ಲಿ ಫಾರ್ಚುನರ್ ಬಂತು. ಟ್ಯಾಕ್ಸಿಯವರು ಇನೋವಾವನ್ನೇ ಹಿಡಿದುಕೊಂಡಿರುವುದು ಲಕ್ಷಾಂತರ ಕಿಲೋಮೀಟರ್ ಓಡಿಸಿ ನೋಡಿದ ಮೇಲೆ. ಅಳತೆ ಕೇಳು: ಫಾರ್ಚುನರ್ ಉದ್ದ 4,795 ಮಿಲಿಮೀಟರ್, ಇನೋವಾ ಕ್ರಿಸ್ಟಾ 4,735. ಆರೇ ಸೆಂಟಿಮೀಟರ್ ವ್ಯತ್ಯಾಸ. ಚಕ್ರದಿಂದ ಚಕ್ರಕ್ಕಿರುವ ದೂರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಕ್ರಿಸ್ಟಾ ಕೂಡ ಚಾಸಿಯ ಗಾಡಿಯೇ, ಆದರೂ ಹತ್ತುವ ಮೆಟ್ಟಿಲು ತಗ್ಗು, ಹಿಂದಿನ ಸಾಲಿಗೆ ಸಿಕ್ಕಿರುವ ಜಾಗ ಹೆಚ್ಚು. ಇನೋವಾದ್ದೇ ಇನ್ನೊಂದು ಮಾದರಿ ಹೈಕ್ರಾಸ್‌ನಲ್ಲಿ ಬೇರೆ ಚಾಸಿಯೇ ಇಲ್ಲ, ನೆಲ ಇನ್ನೂ ತಗ್ಗು, ಡೀಸೆಲ್ ಬದಲು ಪೆಟ್ರೋಲ್. ಫಾರ್ಚುನರ್‌ನ 2.8 ಲೀಟರ್ ಎಂಜಿನ್ ಕೊಡುವ 204 ಕುದುರೆಶಕ್ತಿ ಈ ಎರಡರಲ್ಲೂ ಇಲ್ಲ, ಒಪ್ಪುತ್ತೇನೆ. ಆ ಶಕ್ತಿ ಅಜ್ಜಿಗೆ ಬೇಕೋ ನಿನಗೆ ಬೇಕೋ ಅಂತ ನೀನೇ ಕೇಳಿಕೋ. ನಿನಗೇ ಬೇಕು ಅನ್ನಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ, ಆದರೆ ‘ಮನೆಯವರಿಗಾಗಿ’ ಅನ್ನಬೇಡ.

ಮನೆಯ ಪೋರ್ಟಿಕೋವನ್ನು ಟೇಪ್ ಹಿಡಿದು ಅಳೆದೆಯಾ? ಈ ಗಾಡಿ ಹದಿನೈದು ಮುಕ್ಕಾಲು ಅಡಿ ಉದ್ದ, ಕನ್ನಡಿ ಬಿಟ್ಟು ಆರಡಿಗಿಂತ ಒಂದಂಗುಲ ಹೆಚ್ಚು ಅಗಲ. ಮೂವತ್ತು–ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆ ನಿನ್ನದು. ಗೇಟು ಮುಚ್ಚಿದ ಮೇಲೆ ಬಾಗಿಲು ತೆಗೆದು ಇಳಿಯಲು ಜಾಗ ಉಳಿಯಬೇಕು. ಚಿಕ್ಕಪೇಟೆ ಓಣಿಗಳಲ್ಲಿ, ಸಂತೆ ದಿನ ಗುಬ್ಬಿಯಲ್ಲಿ ಇದನ್ನು ಎಲ್ಲಿ ನಿಲ್ಲಿಸುತ್ತೀ ಅನ್ನುವುದನ್ನೂ ಯೋಚಿಸು.

ತೋಟದ ದಾರಿಗೆ ಫೋರ್ ವೀಲ್ ಡ್ರೈವ್ ಬೇಕು ಅಂತ ಸೇಲ್ಸ್ ಹುಡುಗ ಹೇಳಿರುತ್ತಾನೆ. ನಮ್ಮ ತೋಟದ ಕೆಮ್ಮಣ್ಣಿನ ದಾರಿಯಲ್ಲಿ ನಿಮ್ಮಪ್ಪ ಮೊಪೆಡ್ಡಿನಲ್ಲೇ ಓಡಾಡುತ್ತಾನೆ. ಮಳೆಗಾಲದ ಕೆಲವು ದಿನಕ್ಕಾಗಿ ಲಕ್ಷಗಟ್ಟಲೆ ಹೆಚ್ಚು ಕೊಡಬೇಡ.

ದುಡ್ಡಿನ ಮಾತಿಗೆ ಬರೋಣ. 2025ರ ಸೆಪ್ಟೆಂಬರ್ 22ರಿಂದ ಈ ವರ್ಗದ ಗಾಡಿಗಳ ಜಿಎಸ್‌ಟಿ, ಸೆಸ್ಸೂ ಸೇರಿ ಶೇ. 50 ಇದ್ದದ್ದು ಶೇ. 40ಕ್ಕೆ ಇಳಿದದ್ದು ನಿಜ. ಆ ಇಳಿಕೆಯೇ ನಿನಗೆ ಧೈರ್ಯ ಕೊಟ್ಟಿರಬೇಕು. ಆದರೆ ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಆಜೀವ ತೆರಿಗೆ ಶೇ. 18. ಶೋರೂಮ್ ಬೆಲೆ 40 ಲಕ್ಷ ಅಂತಿಟ್ಟುಕೋ, ಆರ್‌ಟಿಒಗೇ 7 ಲಕ್ಷ 20 ಸಾವಿರ, ಅದರ ಮೇಲೆ ಸೆಸ್ ಬೇರೆ. ಇನ್ಷೂರೆನ್ಸ್ ಸೇರಿಸಿದರೆ ರಸ್ತೆಗಿಳಿಯುವ ಹೊತ್ತಿಗೆ ಅರ್ಧ ಕೋಟಿಯ ಹತ್ತಿರ. 10 ಲಕ್ಷ ದಾಟಿದ ಗಾಡಿಗೆ ಶೇ. 1 ಟಿಸಿಎಸ್ ಅಂತ ಹಿಡಿಯುತ್ತಾರೆ, ಅದು ಆದಾಯ ತೆರಿಗೆ ರಿಟರ್ನ್ಸ್ ಹಾಕುವಾಗ ನಿನ್ನ ಲೆಕ್ಕಕ್ಕೆ ಜಮಾ ಆಗುತ್ತದೆ. ಆ ರಸೀದಿ ಜೋಪಾನ.

ಮೂವತ್ತು ಲಕ್ಷ ಸಾಲ, ಶೇ. 9 ಬಡ್ಡಿ, ಏಳು ವರ್ಷ ಅಂತ ಹಿಡಿದರೆ ತಿಂಗಳ ಕಂತು 48 ಸಾವಿರದ ಮೇಲೆ. ಮುಗಿಯುವ ಹೊತ್ತಿಗೆ ಬಡ್ಡಿಯೇ ಹತ್ತೂವರೆ ಲಕ್ಷ ಕಟ್ಟಿರುತ್ತೀ. ಅಡಿಕೆ ದುಡ್ಡು ಕೊಯ್ಲಿಗೆ ಬರುತ್ತದೆ, ಕಂತು ತಿಂಗಳು ತಿಂಗಳು ಬರುತ್ತದೆ. ಹೇಮಾವತಿ ನೀರು ತಡವಾದ ವರ್ಷ, ಕೊಬ್ಬರಿ ಬೆಲೆ ಕುಸಿದ ವರ್ಷ ನೀನೂ ನೋಡಿದ್ದೀಯ. ನಿನ್ನ ಸಂಬಳವೊಂದರಿಂದಲೇ ಕಂತು ಸಾಗುವಷ್ಟಿದ್ದರೆ ಮಾತ್ರ ಸಾಲದ ಅರ್ಜಿಗೆ ಸಹಿ ಹಾಕು. ತೋಟದ ಪಹಣಿಯನ್ನಾಗಲಿ, ಮನೆ ಹೆಣ್ಣುಮಕ್ಕಳ ಒಡವೆಯನ್ನಾಗಲಿ ಗಾಡಿಗಾಗಿ ಅಡ ಇಡಕೂಡದು. ಈ ಒಂದು ಮಾತನ್ನು ನಾನು ಸಲಹೆಯಾಗಿ ಹೇಳುತ್ತಿಲ್ಲ, ಹಿರಿಯನಾಗಿ ಹೇಳುತ್ತಿದ್ದೇನೆ.

ಡೀಸೆಲ್ ಬಗ್ಗೆ ಶೋರೂಮಿನಲ್ಲಿ ಯಾರೂ ಹೇಳದ ಸಂಗತಿ ಒಂದಿದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ತುಂಬಿದ ಮಸಿಯನ್ನು ಅದು ತಾನೇ ಸುಟ್ಟುಕೊಳ್ಳಬೇಕಾದರೆ ಎಂಜಿನ್ ಚೆನ್ನಾಗಿ ಕಾದು, ಒಂದೇ ಸಮನೆ ಒಂದಷ್ಟು ಹೊತ್ತು ಓಡಬೇಕು. ಬಟವಾಡಿಯಿಂದ ಟೌನ್‌ಹಾಲ್, ಅಲ್ಲಿಂದ ಮಕ್ಕಳ ಶಾಲೆ, ಮತ್ತೆ ಮನೆ ಅಂತ ಬರೀ ಊರೊಳಗೆ ಓಡಿಸಿದರೆ ಮಸಿ ಕಟ್ಟಿಕೊಂಡು ದೀಪ ಹತ್ತುತ್ತದೆ. ಆಗ ಖರ್ಚು ಸಣ್ಣದಲ್ಲ. ಊರೊಳಗಿನ ಓಡಾಟಕ್ಕೆ ಹಳೆಯ ಚಿಕ್ಕ ಕಾರನ್ನು ಮಾರದೆ ಇಟ್ಟುಕೋ. ದೊಡ್ಡದನ್ನು ಹೆಬ್ಬೂರು ದಾರಿಯಲ್ಲಿ ಕುಣಿಗಲ್‌ಗೆ, ಸಿದ್ಧಗಂಗೆಯಿಂದ ಯಡಿಯೂರಿಗೆ, ವರ್ಷಕ್ಕೊಮ್ಮೆ ಶಿರಾಡಿ ಇಳಿದು ಧರ್ಮಸ್ಥಳಕ್ಕೆ ಬಳಸು.

ಇನ್ನು ಪ್ರಾಣದ ವಿಷಯ. ಇದಕ್ಕೇ ನಾನು ಇಷ್ಟು ಉದ್ದಕ್ಕೆ ಮಾತಾಡುತ್ತಿರುವುದು.

‘ದೊಡ್ಡ ಗಾಡಿ ಅಂದರೆ ಸೇಫು ದೊಡ್ಡಪ್ಪ’ ಅಂದೆ. 2024ರ ಡಿಸೆಂಬರ್ 21ರಂದು ನಮ್ಮ ತುಮಕೂರು ರಸ್ತೆಯಲ್ಲೇ, ನೆಲಮಂಗಲದ ಹತ್ತಿರ, ಕಂಟೇನರ್ ಲಾರಿಯೊಂದು ಡಿವೈಡರ್ ದಾಟಿ ಬಂದು ಕಾರಿನ ಮೇಲೆ ಮಗುಚಿಬಿತ್ತು. ಒಂದೇ ಕುಟುಂಬದ ಆರು ಜನ ಹೋದರು. ಅವರು ಕೂತಿದ್ದದ್ದು ವೋಲ್ವೋ ಎಕ್ಸ್‌ಸಿ 90, ಸುರಕ್ಷತೆಗೆಂದೇ ಜಗತ್ತಿನಲ್ಲಿ ಹೆಸರಾದ ಕಂಪನಿಯ ದೊಡ್ಡ ಗಾಡಿ. ಅವರ ಕಡೆಯಿಂದ ಏನೂ ತಪ್ಪಿರಲಿಲ್ಲ. ಆ ಸುದ್ದಿ ಓದಿದ ದಿನದಿಂದ ಆ ದಾರಿಯಲ್ಲಿ ಹೋಗುವಾಗಲೆಲ್ಲ ಆ ಸಂಸಾರ ನೆನಪಾಗುತ್ತದೆ. 2023ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಗಾಡಿಯನ್ನು ಎದುರಿನ ತಡೆಗೆ ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡುತ್ತಾರೆ. ಐದು ಸ್ಟಾರ್ ಬೇಕೇ ಬೇಕು, ನೋಡಿಯೇ ತಗೋ. ಆದರೆ ಆ ಸ್ಟಾರು ಮೇಲಿಂದ ಬೀಳುವ ಕಂಟೇನರಿಗೆ ಲೆಕ್ಕ ಹಾಕಿ ಕೊಟ್ಟದ್ದಲ್ಲ, 120ರಲ್ಲಿ ಓಡುವವನಿಗೆ ಕೊಟ್ಟದ್ದೂ ಅಲ್ಲ. ವೇಗ 80ರಿಂದ 100ಕ್ಕೆ ಏರಿದರೆ ಗುದ್ದಿನ ಶಕ್ತಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ, ಅದೂ ಎರಡು ಟನ್ ದಾಟಿದ ಗಾಡಿಯದು. ಎತ್ತರದ ಗಾಡಿಯಲ್ಲಿ ಕೂತವನಿಗೆ ನೂರು ಎಂಬತ್ತರಂತೆ ಕಾಣುತ್ತದೆ. ಅದೇ ಅಪಾಯ. ಭಾರದ ಲಾರಿಯ ಪಕ್ಕಪಕ್ಕದಲ್ಲೇ ಓಡಬೇಡ, ದಾಟುವುದಾದರೆ ದಾಟು, ಇಲ್ಲವಾದರೆ ಹಿಂದೆಯೇ ಉಳಿ.

ಮಹಾರಾಷ್ಟ್ರದ ಪಾಲ್ಘರ್ ಬಳಿ 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಅಪಘಾತದಲ್ಲಿ ತೀರಿಕೊಂಡರಲ್ಲ, ಅದೂ ಐಷಾರಾಮಿ ಎಸ್‌ಯುವಿಯಲ್ಲೇ. ಹಿಂದಿನ ಸೀಟಿನಲ್ಲಿ ಇದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ, ಇಬ್ಬರೂ ಉಳಿಯಲಿಲ್ಲ. ನಮ್ಮ ಕುಣಿಗಲ್ ತಾಲ್ಲೂಕಿನಲ್ಲೇ 2020ರ ಮಾರ್ಚ್ 6ರ ನಸುಕಿನಲ್ಲಿ ಎರಡು ಕಾರು ಡಿಕ್ಕಿಯಾಗಿ 13 ಜನ ಸತ್ತರು, ಅದರಲ್ಲಿ ಹೆಚ್ಚಿನವರು ಧರ್ಮಸ್ಥಳದಿಂದ ಮರಳುತ್ತಿದ್ದ ತವೇರಾದವರು. ರಾತ್ರಿಯೆಲ್ಲ ಗಾಡಿ ಓಡಿಸಿ ಬೆಳಗಿಗೆ ಮನೆ ಸೇರುವ ಅಭ್ಯಾಸ ನಮ್ಮ ಕಡೆ ಬಲವಾಗಿದೆ. ನೀನು ಅದನ್ನು ಬಿಡು. ಏಳು ಸೀಟಿನ ಗಾಡಿಯಲ್ಲಿ ಏಳೇ ಜನ. ಮದುವೆ, ಜಾತ್ರೆ ಅಂತ ಹತ್ತು ಜನ ತುಂಬಬೇಡ, ಎಂಟನೆಯವರಿಗೆ ಬೆಲ್ಟೂ ಇಲ್ಲ, ಏರ್‌ಬ್ಯಾಗೂ ಇಲ್ಲ.

ಆದ್ದರಿಂದ ಶೋರೂಮಿನಲ್ಲಿ ಸನ್‌ರೂಫ್ ಕೇಳುವ ಮೊದಲು ಇವನ್ನು ಕೇಳು. ಪಕ್ಕದ ಪರದೆ ಏರ್‌ಬ್ಯಾಗ್ ಮೂರನೇ ಸಾಲಿನ ಕಿಟಕಿಯವರೆಗೆ ಬರುತ್ತದೆಯಾ? ಅಲ್ಲಿ ತಲೆದಿಂಬು ದೊಡ್ಡವರ ತಲೆಯ ಎತ್ತರಕ್ಕೆ ಏರುತ್ತದೆಯಾ? ಆ ಸಾಲಿನವರ ತಲೆಗೂ ಹಿಂಬಾಗಿಲ ಗಾಜಿಗೂ ಎಷ್ಟು ಅಂತರ? ಹಿಂದಿನಿಂದ ಲಾರಿ ಗುದ್ದಿದರೆ ಮೊದಲ ಪೆಟ್ಟು ಅಲ್ಲಿಗೇ. ಚಿಕ್ಕವಳಿಗೆ ಚೈಲ್ಡ್ ಸೀಟ್ ಕೊಳ್ಳು, ಅದನ್ನು ಐಸೋಫಿಕ್ಸ್ ಕೊಂಡಿಗೆ ಸಿಕ್ಕಿಸಿ ಎರಡನೇ ಸಾಲಿನಲ್ಲೇ ಕೂರಿಸು. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಅಂಥ ಸೀಟು ಇಲ್ಲದಿದ್ದರೆ ಕಾನೂನಿನಲ್ಲೇ ಸಾವಿರ ರೂಪಾಯಿ ದಂಡವಿದೆ. ಮಗುವನ್ನು ಮುಂದೆ ತೊಡೆಯ ಮೇಲೆ ಕೂರಿಸಿಕೊಳ್ಳುವುದನ್ನು ನಿನ್ನ ಹೆಂಡತಿಗೂ ಬಿಡಿಸು, ನನ್ನ ತಮ್ಮನಿಗೂ ಬಿಡಿಸು. ಬಾನೆಟ್ ಎತ್ತರದ ಗಾಡಿಯಲ್ಲಿ ಮುಂದೆ ನಿಂತ ಚಿಕ್ಕ ಮಗು ಡ್ರೈವರಿಗೆ ಕಾಣುವುದೇ ಇಲ್ಲ, ಹಿಂದಿನ ಕ್ಯಾಮೆರಾ ಅದನ್ನು ತೋರಿಸುವುದಿಲ್ಲ. ಮನೆಯಂಗಳದಲ್ಲಿ ಗಾಡಿ ಶುರು ಮಾಡುವ ಮೊದಲು ಮಕ್ಕಳು ಎಲ್ಲಿದ್ದಾರೆ ಅಂತ ಹೆಸರು ಹಿಡಿದು ಕೂಗಿ ತಿಳಿದುಕೋ.

ಟೆಸ್ಟ್ ಡ್ರೈವ್‌ಗೆ ಒಬ್ಬನೇ ಹೋಗಿಬಂದೆಯಲ್ಲ, ಅದು ಲೆಕ್ಕಕ್ಕಿಲ್ಲ. ಇನ್ನೊಮ್ಮೆ ಗಾಡಿಯನ್ನು ಮನೆಗೇ ಕಳಿಸಲು ಹೇಳು. ಅಜ್ಜಿ, ಅಪ್ಪ, ಅಮ್ಮ, ಹೆಂಡತಿ, ಮಕ್ಕಳು, ಎಲ್ಲರನ್ನೂ ಕೂರಿಸು. ಅಜ್ಜಿ ಬೇರೆಯವರ ಕೈ ಹಿಡಿಯದೆ ಹತ್ತಲಿ, ಸೀರೆ ಎತ್ತಿಕೊಳ್ಳದೆ ಇಳಿಯಲಿ. ಸ್ಟೀರಿಂಗ್ ಬೇರೆಯವರಿಗೆ ಕೊಟ್ಟು ನೀನು ಕಟ್ಟಕಡೆಯ ಸಾಲಿನಲ್ಲಿ ಕೂರು. ಬಿ.ಎಚ್. ರಸ್ತೆಯ ದಟ್ಟಣೆ ದಾಟಿ ಗುಬ್ಬಿವರೆಗೆ ಹೋಗಿ ಬನ್ನಿ, ಒಂದಷ್ಟು ದೂರ ಹಂಪುಗಳಿರುವ ಹಳ್ಳಿ ರಸ್ತೆಗೂ ಇಳಿಸಿ. ಎಸಿ ಗಾಳಿ ಹಿಂದಕ್ಕೆ ಬರುತ್ತದೆಯೋ, ಕಿಟಕಿಯಾಚೆ ಕಾಣುತ್ತದೆಯೋ, ಹೊಟ್ಟೆ ತೊಳಸುತ್ತದೆಯೋ ಆಗ ಗೊತ್ತಾಗುತ್ತದೆ. ಏಳೂ ಜನ ಕೂತ ಮೇಲೆ ಹಿಂಬಾಗಿಲು ತೆಗೆದು, ಎರಡು ದಿನದ ಬಟ್ಟೆಯ ಬ್ಯಾಗುಗಳೂ ತೋಟದ ಒಂದು ಚೀಲ ಕಾಯಿಯೂ ಹಿಡಿಯುತ್ತವೆಯಾ ನೋಡು. ಅದೇ ದಾರಿಯಲ್ಲಿ ಕ್ರಿಸ್ಟಾವನ್ನೂ ಹೈಕ್ರಾಸನ್ನೂ ಹೀಗೇ ನೋಡಿ.

ಫಾರ್ಚುನರ್ ಇದರಲ್ಲಿ ಗೆದ್ದರೆ ಟೂ ವೀಲ್ ಡ್ರೈವ್ ಆಟೊಮ್ಯಾಟಿಕ್ ಬುಕ್ ಮಾಡು, ನಾನೇ ನಿಂಬೆಹಣ್ಣು ಹಿಡಿದು ಪೂಜೆಗೆ ಬರುತ್ತೇನೆ. ಇನ್ನೊಂದು ಗೆದ್ದರೆ ಉಳಿದ ದುಡ್ಡಿನಲ್ಲಿ ಮೊದಲು ತೋಟದ ಡ್ರಿಪ್ ಸಾಲ ತೀರಿಸು. ಯಾವುದೇ ಆದರೂ ಡೆಲಿವರಿ ಕೊಡುವ ದಿನ ಏಳೂ ಬೆಲ್ಟುಗಳನ್ನು ಒಂದೊಂದಾಗಿ ಎಳೆದು, ಸಿಕ್ಕಿಸಿ, ಬಿಚ್ಚಿ ನೋಡಿದ ಮೇಲೆಯೇ ಕೀಲಿ ತೆಗೆದುಕೋ.