ಡೊಂಬಿವಲಿಯ ಸಂಖ್ಯೆ, ಮಳಖೇಡದ ಹಾರ

ಪ್ರಶ್ನೆ: ನಾನು ಕುರ್ಲಾದ ನೆಹರೂ ನಗರದವನು. ಕೆಲಸಕ್ಕೆಂದು ದಿನಾ ಲೋಕಲ್‌ನಲ್ಲಿ ಡೊಂಬಿವಲಿಗೆ ಹೋಗಿ ಬರುತ್ತೇನೆ. ಎಂಟನೇ ಕ್ಲಾಸಿನ ಮಗ ಮೊನ್ನೆ, ‘ಪಪ್ಪಾ, ಡೊಂಬಿವಲಿ ಸ್ಟೇಷನ್ನಿನ ಹೆಸರಲ್ಲಿ ಗಣಿತದ ಸಂಖ್ಯೆಗಳಿವೆಯಂತೆ, ಟ್ಯೂಶನ್ ಸರ್ ಹೇಳಿದರು’ ಎಂದ. ಇದು ನಿಜವೇ? 121, 12321 ಎಂಬಂಥ ಈ ಸಂಖ್ಯೆಗಳು ಮೊದಲು ಯಾರ ಕಣ್ಣಿಗೆ ಬಿದ್ದವು? ಇವೆಲ್ಲ ಗಣಿತವೋ, ಬರೀ ಆಟವೋ?
– ಒಬ್ಬ ಓದುಗರು, ಕುರ್ಲಾ ಪೂರ್ವ

ಉತ್ತರ: ನಿಮ್ಮ ಮಗನ ಟ್ಯೂಶನ್ ಸರ್ ಹೇಳಿದ್ದು ನಿಜ. ಆ ಸಂಖ್ಯೆಗಳಿಗೆ ‘ಡೆಮ್ಲೊ ಸಂಖ್ಯೆಗಳು’ ಎಂದು ಹೆಸರು. ಹೆಸರಿಟ್ಟವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ಅಂದಿನ ಜಿ.ಐ.ಪಿ. ರೈಲ್ವೆಯಲ್ಲಿ, ಮುಂಬಯಿಯಿಂದ ಮೂವತ್ತು ಮೈಲಿ ದೂರದ ಡೆಮ್ಲೊ ಎಂಬ ನಿಲ್ದಾಣದಲ್ಲಿ ಈ ಸಂಖ್ಯೆಗಳ ವಿಚಾರ ಅವರ ತಲೆಗೆ ಹೊಳೆಯಿತಂತೆ. ಅದೇ ಇಂದಿನ ಡೊಂಬಿವಲಿ. ಸಂಖ್ಯೆಗಳಿಗೆ ಹೆಸರಿಡುವಾಗ ಕಾಪ್ರೇಕರರು ದೊಡ್ಡವರ ನೆನಪು ಮಾಡಿಕೊಳ್ಳಲಿಲ್ಲ, ಸ್ಟೇಷನ್ನಿನ ಹೆಸರನ್ನೇ ಇಟ್ಟುಬಿಟ್ಟರು.

ಕಾಪ್ರೇಕರ್ ಹುಟ್ಟಿದ್ದು 1905ರಲ್ಲಿ, ಡಹಾಣುವಿನಲ್ಲಿ. ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ವಿದ್ಯಾರ್ಥಿಯಾಗಿದ್ದಾಗಲೇ, 1927ರಲ್ಲಿ, ಸ್ವಂತ ಗಣಿತ ಬರಹಕ್ಕೆ ಕೊಡುವ ರ‍್ಯಾಂಗ್ಲರ್ ಪರಾಂಜಪೆ ಬಹುಮಾನ ಪಡೆದರು. 1929ರಲ್ಲಿ ಬಿ.ಎಸ್ಸಿ. ಮುಗಿಸಿದ ಮೇಲೆ ಮುಂದೆ ಓದಲಿಲ್ಲ. 1930ರಿಂದ 1962ರವರೆಗೆ ನಾಸಿಕದ ಪಕ್ಕದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದರು. ಡೆಮ್ಲೊ ಸಂಖ್ಯೆಗಳ ಕುರಿತ ಅವರ ಬರಹ 1938ರಲ್ಲಿ ‘ದಿ ಮ್ಯಾಥಮೆಟಿಕ್ಸ್ ಸ್ಟೂಡೆಂಟ್’ ಪತ್ರಿಕೆಯಲ್ಲಿ ಬಂತು. ಮರುವರ್ಷ ಕೆ.ಆರ್. ಗುಂಜೀಕರ್ ಜೊತೆ ಸೇರಿ ಬರೆದದ್ದು ಮುಂಬಯಿ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಅಚ್ಚಾಯಿತು.

ಡೆಮ್ಲೊ ಸಂಖ್ಯೆ ಎಂದರೇನು? 2553 ತೆಗೆದುಕೊಳ್ಳಿ. ಎಡತುದಿಯ 2, ಬಲತುದಿಯ 3 ಕೂಡಿದರೆ 5. ನಡುವೆ ಇರುವುದೂ ಬರೀ 5. 47773ರಲ್ಲಿ 4ಕ್ಕೆ 3 ಕೂಡಿದರೆ 7, ನಡುವೆ ಏಳುಗಳ ಸಾಲು. ಈ ಜಾತಿಯಲ್ಲಿ ಕಾಪ್ರೇಕರರಿಗೆ ಬಲು ಇಷ್ಟವಾದ ಒಂದು ಗುಂಪಿತ್ತು, ಅದನ್ನು ‘ಅದ್ಭುತ ಡೆಮ್ಲೊ’ ಎಂದು ಕರೆದರು: 1, 121, 12321, 1234321, ಹೀಗೆ. 1234321ರ ಎಡದ 123ಕ್ಕೆ ಬಲದ 321 ಕೂಡಿ ನೋಡಿ, 444 ಬರುತ್ತದೆ. ನಡುವೆ ನಿಂತಿರುವುದೂ 4. ಇವೆಲ್ಲ ಬರೀ ಒಂದುಗಳಿಂದಾದ ಸಂಖ್ಯೆಗಳ ವರ್ಗಗಳು: 11ರ ವರ್ಗ 121, 111ರ ವರ್ಗ 12321.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಕಾಪ್ರೇಕರರಿಗಿಂತ ಸಾವಿರದ ಚಿಲ್ಲರೆ ವರ್ಷ ಹಿಂದೆಯೇ ಈ ಬಗೆಯ ಸಂಖ್ಯೆ ನಮ್ಮ ಕನ್ನಡ ನೆಲದ ಒಂದು ಗ್ರಂಥದಲ್ಲಿ ಕಾಣಿಸಿಕೊಂಡಿದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಹೆಸರು ಕೇಳದ ಕನ್ನಡಿಗರಿಲ್ಲ. ಅವನ ರಾಜಧಾನಿ ಮಾನ್ಯಖೇಟ, ಅಂದರೆ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ, ಕಾಗಿಣಾ ದಂಡೆಯ ಮಳಖೇಡ. ‘ಕವಿರಾಜಮಾರ್ಗ’ ಹುಟ್ಟಿದ ಆ ಕಾಲದಲ್ಲೇ, ಸುಮಾರು 850ರಲ್ಲಿ, ಜೈನ ಪಂಡಿತ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ಬರೆದರು. ಮೊದಲಲ್ಲೇ ಅಮೋಘವರ್ಷನನ್ನು ಹೊಗಳಿದ್ದಾರೆ. ಅಲ್ಲಿಯವರೆಗೆ ನಮ್ಮ ದೊಡ್ಡ ಗಣಿತಜ್ಞರು ಹೆಚ್ಚಾಗಿ ಜ್ಯೋತಿಷ ಗ್ರಂಥದ ಒಂದೆರಡು ಅಧ್ಯಾಯಗಳಲ್ಲಿ ಗಣಿತ ಹೇಳಿ ಮುಗಿಸುತ್ತಿದ್ದರು. ಇವರು ಗ್ರಹಗಳನ್ನು ಬದಿಗಿಟ್ಟು ಇಡೀ ಗ್ರಂಥವನ್ನು ಗಣಿತಕ್ಕೇ ಮೀಸಲಿಟ್ಟರು.

ಅದರ ಗುಣಾಕಾರದ ಭಾಗದಲ್ಲಿ ಕಲಿಯುವವರಿಗೆಂದು ಕೆಲವು ಲೆಕ್ಕಗಳಿವೆ. 139ನ್ನು 109ರಿಂದ ಗುಣಿಸಿ ಎನ್ನುತ್ತಾರೆ, ಉತ್ತರ 15151. 152207ನ್ನು 73ರಿಂದ ಗುಣಿಸಿದರೆ 11111111. 142857143ನ್ನು 7ರಿಂದ ಗುಣಿಸಿದರೆ 1000000001. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಉತ್ತರಗಳನ್ನು ಅವರು ಕೊರಳಿನ ಹಾರಕ್ಕೆ ಹೋಲಿಸುತ್ತಾರೆ. ಅದೇ ಸಾಲಿನಲ್ಲಿ ಈ ಲೆಕ್ಕವೂ ಇದೆ: 27994681ನ್ನು 441ರಿಂದ ಗುಣಿಸಿ. ಉತ್ತರ 12345654321. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆ. ಕಾಪ್ರೇಕರರ ಪಟ್ಟಿಯಲ್ಲಿ ಆರನೆಯದು ಇದೇ.

ಈ ಲೆಕ್ಕದ ಒಳಗುಟ್ಟು ನೋಡಿ. 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 5291ನ್ನು 21ರಿಂದ ಗುಣಿಸಿದರೆ 111111. ಅಂದರೆ ಆರು ಒಂದುಗಳ ವರ್ಗವೇ ಇಲ್ಲಿ ಎರಡು ತುಂಡಾಗಿ ಕೂತಿದೆ. ಲೆಕ್ಕ ಮಾಡುವ ಹುಡುಗನಿಗೆ ಕೊನೆಯವರೆಗೂ ಅದರ ಸುಳಿವು ಸಿಗುವುದಿಲ್ಲ. ಉತ್ತರ ಬಂದಾಗ ಮಾತ್ರ ತಾನು ಎಲ್ಲೂ ತಪ್ಪಿಲ್ಲ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಒಂದು ಅಂಕೆ ಜಾರಿದರೂ ಹಾರ ಹರಿಯುತ್ತದಲ್ಲ!

ಕಾಪ್ರೇಕರರಿಗೆ ಬಹಳ ಹೆಸರು ತಂದದ್ದು ಇನ್ನೊಂದು ಸಂಖ್ಯೆ, 6174. ಅದನ್ನು ಅವರು ಕಂಡದ್ದು 1946ರಲ್ಲಿ. ಎಲ್ಲ ಅಂಕೆಯೂ ಒಂದೇ ಆಗಿರದ ಯಾವುದಾದರೂ ನಾಲ್ಕಂಕಿ ಸಂಖ್ಯೆ ಬರೆಯಿರಿ. ಅಂಕೆಗಳನ್ನು ಇಳಿಕೆಯಲ್ಲೊಮ್ಮೆ, ಏರಿಕೆಯಲ್ಲೊಮ್ಮೆ ಜೋಡಿಸಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಬಂದದ್ದಕ್ಕೆ ಮತ್ತೆ ಹಾಗೇ ಮಾಡಿ. ಬೋರಿಬಂದರದಿಂದ ಕುರ್ಲಾ ದಾಟಿ ಠಾಣೆಗೆ ಮೊದಲ ರೈಲು ಓಡಿದ 1853ನ್ನೇ ಹಿಡಿಯೋಣ:

8531 – 1358 = 7173
7731 – 1377 = 6354
6543 – 3456 = 3087
8730 – 0378 = 8352
8532 – 2358 = 6174

ಮುಂದೆ ಎಷ್ಟು ಸಲ ಕಳೆದರೂ 6174 ಅಲ್ಲಾಡುವುದಿಲ್ಲ. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ ಅಲ್ಲಿಗೇ ಬಂದು ನಿಲ್ಲುತ್ತದೆ.

ಇದು ಗಣಿತವೋ ಆಟವೋ ಎಂಬ ನಿಮ್ಮ ಮೂರನೇ ಪ್ರಶ್ನೆಯನ್ನು ಕಾಪ್ರೇಕರರ ಕಾಲದ ವಿದ್ವಾಂಸರೂ ಕೇಳಿದ್ದರು. ಅವರಲ್ಲಿ ಹಲವರು ಆಟವೆಂದೇ ತಳ್ಳಿಹಾಕಿದರು. ರಾಮಾನುಜನ್ನರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಹಾರ್ಡಿ 1940ರ ತಮ್ಮ ಪುಸ್ತಕದಲ್ಲಿ ಇದಕ್ಕೆ ಹತ್ತಿರದ ಉದಾಹರಣೆಯನ್ನೇ ಕೊಟ್ಟಿದ್ದಾರೆ. ತಿರುಗಿಸಿದರೂ ಬದಲಾಗದವನ್ನೂ ಸೊನ್ನೆಯಲ್ಲಿ ಮುಗಿಯುವವನ್ನೂ ಬಿಟ್ಟರೆ, ತಿರುಗಿಸಿ ಬರೆದ ಸಂಖ್ಯೆಯ ಅಪವರ್ತ್ಯವಾಗುವ ನಾಲ್ಕಂಕಿ ಸಂಖ್ಯೆಗಳು ಎರಡೇ: 2178ರ ನಾಲ್ಕರಷ್ಟಾದ 8712, 1089ರ ಒಂಬತ್ತರಷ್ಟಾದ 9801. ಒಗಟಿನ ಅಂಕಣಕ್ಕೆ ಇವು ಸೊಗಸು, ಗಣಿತಜ್ಞನಿಗೆ ಇದರಲ್ಲಿ ಹುರುಳಿಲ್ಲ ಎಂಬುದು ಹಾರ್ಡಿಯ ನಿಲುವು. ಕಾಪ್ರೇಕರರ ಹೆಸರು ಹೊರದೇಶಗಳಲ್ಲಿ ಹರಡಿದ್ದೂ ಗಣಿತ ವಿಭಾಗಗಳಿಂದಲ್ಲ. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಗಣಿತ ವಿನೋದದ ಅಂಕಣದಲ್ಲಿ ಅವರ ಬಗ್ಗೆ ಬರೆದ ಮೇಲೆ. ಆಗ ಅವರಿಗೆ ಎಪ್ಪತ್ತು ವರ್ಷ. 1986ರಲ್ಲಿ ತೀರಿಕೊಂಡರು.

ಹಾರ್ಡಿಯ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದು ನನಗನಿಸುತ್ತದೆ. 6174 ಸಂಖ್ಯೆಯ ಮಹಿಮೆ ನಾವು ಹತ್ತರ ಲೆಕ್ಕದಲ್ಲಿ ಬರೆಯುವುದರಿಂದ ಬಂದದ್ದು. ಎಂಟರ ಲೆಕ್ಕದಲ್ಲಿ ಬರೆಯುವವರಿಗೆ ಆ ಸಂಖ್ಯೆಯಲ್ಲಿ ಏನೂ ವಿಶೇಷ ಕಾಣದು. ಆದರೆ 12321 ಹಾಗಲ್ಲ. 111ನ್ನು 111ರಿಂದ ಕೈಯಲ್ಲಿ ಗುಣಿಸಿ. 111 ಮೂರು ಸಾಲಾಗಿ, ಒಂದೊಂದು ಮನೆ ಎಡಕ್ಕೆ ಸರಿದು ಕೂರುತ್ತದೆ. ಕೂಡುವಾಗ ಕಂಬಸಾಲುಗಳಲ್ಲಿ ಕ್ರಮವಾಗಿ ಒಂದು, ಎರಡು, ಮೂರು, ಎರಡು, ಒಂದು ಒಂದುಗಳು ಸಿಗುತ್ತವೆ. ಇಲ್ಲಿ ಹತ್ತಕ್ಕೆ ಏನೂ ಕೆಲಸವಿಲ್ಲ. ಮಗನ ಬೀಜಗಣಿತದ ಭಾಷೆಯಲ್ಲಿ ಹೇಳುವುದಾದರೆ, x² + x + 1ರ ವರ್ಗ x⁴ + 2x³ + 3x² + 2x + 1. x ಜಾಗದಲ್ಲಿ 10 ಇಟ್ಟರೆ 12321. 100 ಇಟ್ಟರೆ 10101ರ ವರ್ಗ 102030201. ಎಂಟರ ಲೆಕ್ಕದಲ್ಲಿ ಬರೆಯುವವರಿಗೂ ಈ ಏರಿಳಿತ ಸಿಕ್ಕೇ ಸಿಗುತ್ತದೆ, ಏಳು ಒಂದುಗಳವರೆಗೆ. ನಮಗೆ ಒಂಬತ್ತರವರೆಗೆ. ಹತ್ತು ಒಂದುಗಳಾದರೆ ನಡುವಿನ ಕಂಬಸಾಲಿನಲ್ಲಿ ಹತ್ತು ಬರುತ್ತದೆ, ಅದು ಎಡದ ಮನೆಗೆ ದಾಟುತ್ತದೆ, ವರ್ಗ 1234567900987654321 ಆಗಿ ಏರಿಳಿತ ಕೆಡುತ್ತದೆ. ಮಹಾವೀರಾಚಾರ್ಯರು ಹಾರ ಪೋಣಿಸಿದ್ದು ಈ ಸ್ಥಾನಬೆಲೆಯ ದಾರದಿಂದಲೇ.

6174ರಲ್ಲೂ ಅಗೆದರೆ ಗಣಿತ ಸಿಗುತ್ತದೆ. ನಾಲ್ಕು ಅಂಕೆಗಳನ್ನು ಇಳಿಕೆಯಲ್ಲಿ a, b, c, d ಎನ್ನಿ. ಕಳೆದಾಗ ಬರುವುದು 999(a – d) + 90(b – c). ಇದರಲ್ಲಿ a – d ಒಂದರಿಂದ ಒಂಬತ್ತರವರೆಗೆ ಇರಬಹುದು. b – c ಅದಕ್ಕಿಂತ ದೊಡ್ಡದಾಗಲಾರದು. ಎಣಿಸಿದರೆ ಒಟ್ಟು 54 ಜೋಡಿ. ಸಾವಿರಾರು ಸಂಖ್ಯೆಗಳು ಮೊದಲ ಕಳೆಯುವಿಕೆಯಲ್ಲೇ 54ಕ್ಕೆ ಇಳಿದುಬಿಡುತ್ತವೆ! ಆ ಮೇಲೆ ಬೇಕಾದದ್ದು ತಾಳ್ಮೆ ಮಾತ್ರ.

ಹೀಗಾಗಿ ಆಟವೋ ಗಣಿತವೋ ಎಂಬುದು ಸಂಖ್ಯೆಯ ಮೇಲೆ ನಿಂತಿಲ್ಲ, ಅದನ್ನು ಹಿಡಿದವರು ಎಲ್ಲಿಗೆ ನಿಲ್ಲಿಸುತ್ತಾರೆ ಎಂಬುದರ ಮೇಲೆ ನಿಂತಿದೆ. ಉತ್ತರ ನೋಡಿ ಚಪ್ಪಾಳೆ ತಟ್ಟಿದರೆ ಆಟ. ಏಕೆ ಹೀಗಾಯಿತು, ಎಲ್ಲಿಯವರೆಗೆ ಆಗುತ್ತದೆ ಎಂದು ಕೇಳಿ ಉತ್ತರ ಕಂಡುಕೊಂಡರೆ ಗಣಿತ. ಮಹಾವೀರಾಚಾರ್ಯರು ಬರೆದದ್ದು ಪಾಠದ ಗ್ರಂಥ, ಕಾಪ್ರೇಕರರು ಜೀವಮಾನವಿಡೀ ಮೇಷ್ಟ್ರು. ಮಕ್ಕಳನ್ನು ಗಣಿತಕ್ಕೆ ಎಳೆಯಲು ಮೊದಲು ಬೆರಗು ಬೇಕೆಂದು ಇಬ್ಬರಿಗೂ ಗೊತ್ತಿದ್ದಿರಬೇಕು. ‘ಗಣಿತಸಾರಸಂಗ್ರಹ’ವನ್ನು 1912ರಲ್ಲಿ ಎಂ. ರಂಗಾಚಾರ್ಯರು ಮದ್ರಾಸಿನಿಂದ ಇಂಗ್ಲಿಷ್ ಅನುವಾದದೊಂದಿಗೆ ಹೊರತಂದರು. ಪದ್ಮಾವತಮ್ಮ ಅವರ ಕನ್ನಡ ಅನುವಾದವಿರುವ ಆವೃತ್ತಿ 2000ದಲ್ಲಿ ಹೊಂಬುಜದಿಂದ ಬಂದಿದೆ. ಸಿಕ್ಕರೆ ಮಗನ ಜೊತೆ ಕೂತು ಓದಿ.

ಅಲ್ಲಿಯವರೆಗೆ ಅವನಿಗೊಂದು ಕೆಲಸ ಕೊಡಿ. ಕಾಪ್ರೇಕರರ ಕಳೆಯುವ ಆಟವನ್ನು ಎಲ್ಲ ಅಂಕೆಯೂ ಒಂದೇ ಆಗಿರದ ಮೂರಂಕಿ ಸಂಖ್ಯೆಗಳಲ್ಲಿ ಆಡಲಿ. ಪ್ರತಿಸಲವೂ 495ಕ್ಕೆ ಬಂದು ನಿಲ್ಲುತ್ತದೆ. ಏಕೆಂದು ಅವನೇ ಹೇಳಬೇಕು. ಸುಳಿವು ಇಷ್ಟೇ: ಮೂರು ಅಂಕೆಗಳನ್ನು ಇಳಿಕೆಯಲ್ಲಿ a, b, c ಎಂದರೆ, ಮೊದಲ ಸಲ ಕಳೆದಾಗ ಬರುವುದು 99(a – c), ಅಂದರೆ 099ರಿಂದ 891ರವರೆಗೆ ಒಂಬತ್ತೇ ಸಂಖ್ಯೆಗಳು. ಆ ಒಂಬತ್ತನ್ನೂ 495ಕ್ಕೆ ಮುಟ್ಟಿಸಿ ತೋರಿಸಿದರೆ ಅದು ಎಲ್ಲೂ ಸಂದಿಲ್ಲದ, ಪೂರ್ತಿ ಸಾಧನೆ. ನೋಟ್‌ಬುಕ್ಕಿನ ಒಂದು ಪುಟ ಸಾಕು.