ಇಂದಿನ ಧಮ್ಮ ಚಿಂತನೆ: ವಿಹಾರ ನಮ್ಮ ಗುಡಿಯೇ?



ಕುರುಗೋಡಿನ ಅಕ್ಕ ಒಬ್ಬರು ಕಳೆದ ವಾರ ಕೇಳಿದರು: "ಸಾರ್, ದೊಡ್ಡ ಬಸವೇಶ್ವರ ಗುಡಿಗೆ ಹೋಗೋದು ಬಿಟ್ಟು ಮೂರು ವರ್ಷ ಆಯ್ತು. ಇನ್ಮೇಲೆ ವಿಹಾರನೇ ನಮ್ಮ ಗುಡಿ ಅನ್ಕೋಬಹುದಾ?" ಹೌದು ಎಂದುಬಿಡುವುದು ಸುಲಭ. ಆದರೆ ಪ್ರಶ್ನೆ ದೊಡ್ಡದು.

ಮೊದಲು ಪದ ನೋಡೋಣ. (ಕನ್ನಡ ಮೇಷ್ಟ್ರ ಚಟ, ಸಹಿಸಿಕೊಳ್ಳಿ.) ಗುಡಿ, ಗುಡಿಸಲು ಎರಡೂ ಒಂದೇ ಬೇರಿನ ಮಾತು. ಗುಡಿ ಎಂದರೆ ಮನೆ, ದೇವರಿಗೆ ಕಟ್ಟಿದ ಮನೆ. ವಿಹಾರವೂ ವಾಸದ ಜಾಗವೇ, ಆದರೆ ಅಲ್ಲಿ ವಾಸವಿದ್ದವರು ಭಿಕ್ಕುಗಳು, ಮನುಷ್ಯರು. ಮಳೆಗಾಲದ ಮೂರು ತಿಂಗಳು ಒಂದೆಡೆ ನಿಂತು ಕಲಿಯುವ, ಕಲಿಸುವ ಮನೆ ಅದು. ದೇವರ ಮನೆಯಾದರೆ ಬಾಗಿಲ ಕೀಲಿ ದೇವರ ಹೆಸರು ಹೇಳುವವರ ಕೈಗೆ ಹೋಗುತ್ತದೆ. ಒಳಗೆ ಯಾರು, ಹೊರಗೆ ಯಾರು ಎಂದು ಅವರೇ ತೀರ್ಮಾನಿಸುತ್ತಾರೆ.

ನಮ್ಮ ಜಿಲ್ಲೆಯನ್ನೇ ನೋಡಿ. ಬಳ್ಳಾರಿ 1953ರವರೆಗೆ ಮದರಾಸಿಗೆ ಸೇರಿತ್ತು. ಮದರಾಸು ಸರ್ಕಾರ 1947ರ ಒಂದೇ ವರ್ಷದಲ್ಲಿ ಗುಡಿಗಳ ಬಗ್ಗೆ ಎರಡು ಕಾನೂನು ತಂದಿತು. ಒಂದು, ಗುಡಿಯ ಬಾಗಿಲನ್ನು ನಮ್ಮವರಿಗೂ ತೆರೆಯುವ ದೇವಾಲಯ ಪ್ರವೇಶದ ಕಾನೂನು. ಇನ್ನೊಂದು, ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ತಡೆಯುವ ಕಾನೂನು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಕೈಮುಗಿಯಲು ಬಂದ ಅಪ್ಪನನ್ನು ಹೊರಗೆ ನಿಲ್ಲಿಸಿದ ವ್ಯವಸ್ಥೆಗೆ ಅವನ ಮಗಳಿಗೆ ಮುತ್ತು ಕಟ್ಟಿ ಬಸವಿ ಬಿಡುವಾಗ ಮೈಲಿಗೆ ಕಾಣಲಿಲ್ಲ. 1982ರಲ್ಲಿ ಕರ್ನಾಟಕ ಮತ್ತೆ ದೇವದಾಸಿ ನಿಷೇಧ ಕಾನೂನು ಮಾಡಬೇಕಾಯಿತು. 35 ವರ್ಷವಾದರೂ ಆ ಹರಕೆ ನಿಂತಿರಲಿಲ್ಲ. ನಮ್ಮ ಕೇರಿಯ ಹಿರಿಯ ಅವ್ವಂದಿರ ಮುಂದೆ ಈ ಮಾತನ್ನು ಮೆಲ್ಲಗೆ ಆಡಬೇಕು. ತಪ್ಪು ಅವರದಲ್ಲ.

ಬಾಬಾಸಾಹೇಬರು 1930ರ ಮಾರ್ಚ್ 2ರಂದು ನಾಸಿಕದ ಕಾಳಾರಾಮ ಮಂದಿರ ಸತ್ಯಾಗ್ರಹ ಆರಂಭಿಸಿದರಲ್ಲ, ಅದು ದರ್ಶನಕ್ಕಾಗಿ ಎಂದು ಇಂದಿಗೂ ಕೆಲವರು ತಿಳಿದಿದ್ದಾರೆ. 1934ರಲ್ಲಿ ಭಾವೂರಾವ್ ಗಾಯಕವಾಡರಿಗೆ ಬರೆದ ಪತ್ರದಲ್ಲಿ ಅವರೇ ಬಿಡಿಸಿ ಹೇಳಿದ್ದಾರೆ: ನಮ್ಮವರು ಮೂರ್ತಿಪೂಜಕರಾಗಲಿ ಎಂದಲ್ಲ, ತಮ್ಮ ಸ್ಥಿತಿ ಅರಿತು ಎಚ್ಚರಗೊಳ್ಳಲಿ ಎಂದು. ಇನ್ನು ಶಕ್ತಿಯನ್ನು ವಿದ್ಯೆಗೆ, ರಾಜಕಾರಣಕ್ಕೆ ಹಾಕಿ ಎಂದರು. ಮರುವರ್ಷ ಯೇವಲಾ ಘೋಷಣೆ.

ಹಾಗಾದರೆ ನಾವು ಬುದ್ಧನ ಮುಂದೆ ಹೂ ಇಡುವುದೇಕೆ? ಹೂವಿನ ಗಾಥೆಯ ಅರ್ಥ ನೆನಪಿಸಿಕೊಳ್ಳಿ. ಈ ಹೂ ಬಾಡುವಂತೆ ನನ್ನ ದೇಹವೂ ಎಂದು ನಮಗೆ ನಾವೇ ಹೇಳಿಕೊಳ್ಳುತ್ತೇವೆ, ಏನನ್ನೂ ಬೇಡುವುದಿಲ್ಲ. ಮಹಾಪರಿನಿಬ್ಬಾಣ ಸುತ್ತದಲ್ಲಿ ಸಾಲವೃಕ್ಷಗಳು ಅಕಾಲದಲ್ಲಿ ಹೂ ಸುರಿಸಿದಾಗ, ತಥಾಗತನಿಗೆ ನಿಜವಾದ ಗೌರವ ಇದಲ್ಲ ಎಂದು ಭಗವಾನರು ಆನಂದನಿಗೆ ಹೇಳುತ್ತಾರೆ. ಧಮ್ಮದಂತೆ ನಡೆಯುವ ಭಿಕ್ಕು, ಭಿಕ್ಕುಣಿ, ಉಪಾಸಕ, ಉಪಾಸಿಕೆಯರೇ ಆ ಗೌರವ ಸಲ್ಲಿಸುವವರು. ನಾಲ್ವರಲ್ಲಿ ಇಬ್ಬರು ಹೆಣ್ಣುಮಕ್ಕಳು ಎಂಬುದನ್ನು ಗಮನಿಸಿ.

ಯಾಕೆ ಹೇಳುತ್ತಿದ್ದೇನೆಂದರೆ, ಬುದ್ಧನ ಮುಂದೆ ಕಾಯಿ ಒಡೆದು, ಮಗ ಎಸ್‌ಎಸ್‌ಎಲ್‌ಸಿ ಪಾಸಾಗಲಿ ಎಂದು ಹರಕೆ ಹೊರುವುದನ್ನು ನೋಡಿದ್ದೇನೆ. ಮುಟ್ಟಾದ ಹೆಣ್ಣುಮಕ್ಕಳು ವಿಹಾರದ ಹೊಸ್ತಿಲ ಹೊರಗೆ ಕೂರುವುದನ್ನೂ ನೋಡಿದ್ದೇನೆ. ಯಾರೂ ತಡೆದಿರಲಿಲ್ಲ, ತಾವಾಗಿಯೇ ಕೂತಿದ್ದರು. ನನಗೆ ಹೆಚ್ಚು ನೋವಾದದ್ದು ಅದಕ್ಕೇ.

ನಮ್ಮ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲಿ ಅಶೋಕನ ಶಾಸನಗಳಿವೆ. ಮಸ್ಕಿಯಂತೆ ಇಲ್ಲಿಯೂ ದೊರೆಯ ಹೆಸರು ಅಶೋಕ ಎಂದೇ ಕೆತ್ತಿದೆ, ಇದು ಅಪರೂಪ. ಬಾಗಿಲಿಲ್ಲ, ಗರ್ಭಗುಡಿಯಿಲ್ಲ, ಬಂಡೆಯ ಮೇಲೆ ಬರೆದದ್ದು ಅಷ್ಟೇ. ಈ ಕಿರುಶಾಸನಗಳ ಸಾರವೂ ನಮ್ಮ ಪ್ರಶ್ನೆಗೆ ಹತ್ತಿರದ್ದು. ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಲ ಒಂದು ವರ್ಷ ಹೆಚ್ಚು ಶ್ರಮಿಸಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಶ್ರಮಿಸಿದೆ ಎನ್ನುತ್ತಾನೆ ದೊರೆ. ಇದರ ಫಲ ದೊಡ್ಡವರಿಗಷ್ಟೇ ಅಲ್ಲ, ಶ್ರಮಿಸಿದರೆ ಸಣ್ಣವರಿಗೂ ಸಿಗುತ್ತದೆ ಎನ್ನುತ್ತಾನೆ.

ಈ ಭಾನುವಾರ ಬಳ್ಳಾರಿಯಲ್ಲಿ ತಿಸರಣ, ಪಂಚಶೀಲದ ನಂತರ ಈ ಶಾಸನದ ಕನ್ನಡ ಅನುವಾದ ಓದುತ್ತೇವೆ. ಸಿರುಗುಪ್ಪ, ಕುರುಗೋಡಿನವರು ಬೆಳಗಿನ ಬಸ್ಸಿಗೇ ಹೊರಡಿ. ಮುಟ್ಟಿನ ದಿನವೆಂದು ಯಾವ ಅಕ್ಕನೂ ಮನೆಯಲ್ಲಿ ಉಳಿಯಬೇಡಿ, ಮುಂದಿನ ಸಾಲಿನಲ್ಲಿ ಕೂರಿ. ತೆಂಗಿನಕಾಯಿ ತರುವವರು ತನ್ನಿ, ಚಟ್ನಿಗೆ ಬೇಕು.

ಜೈ ಭೀಮ್.