ಬೀಗವೂ ಕಾವಲುಗಾರನೂ

ತಂತ್ರಾಂಶವನ್ನು ಹಣ ಕೊಡದೆ ನಕಲು ಮಾಡಿಕೊಳ್ಳಬಾರದೆಂದು ತಯಾರಕರು ಅದಕ್ಕೆ ಬೀಗ ಹಾಕುವುದುಂಟು. ಕನ್ನಡ ಅಕ್ಷರಜೋಡಣೆಯ ಹಳೆಯ ತಂತ್ರಾಂಶಗಳಲ್ಲಿ ಹಲವು ಇಂಥ ಬೀಗದೊಡನೆಯೇ ಬರುತ್ತಿದ್ದವು. ಹೆಬ್ಬೆರಳ ಗಾತ್ರದ ಈ ಬೀಗಕ್ಕೆ ಡಾಂಗಲ್ ಎಂದು ಹೆಸರು. ಗಣಕಯಂತ್ರಕ್ಕೆ ಅದನ್ನು ಸಿಕ್ಕಿಸದಿದ್ದರೆ ತಂತ್ರಾಂಶ ತೆರೆಯದು. ಇಂಥ ಬೀಗವು ಹಣ ಕೊಟ್ಟವನನ್ನೇ ಹೊರಗೆ ನಿಲ್ಲಿಸಿದ ಪ್ರಸಂಗವೊಂದನ್ನೂ ಅದರ ಕಾರಣಗಳನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಭದ್ರಾವತಿಯ ಹಳೇನಗರದಲ್ಲಿ ನನ್ನ ಸೋದರಮಾವನವರದೊಂದು ಡಿ.ಟಿ.ಪಿ. ಅಂಗಡಿಯಿದೆ. ಲಗ್ನಪತ್ರಿಕೆ, ಕರಪತ್ರ, ಸ್ಮರಣಸಂಚಿಕೆ ಎಂದು ಹದಿನೈದು ವರ್ಷಗಳ ದುಡಿಮೆಯೆಲ್ಲ ಅಲ್ಲಿನ ಕಡತಗಳಲ್ಲಿದೆ. ಹಳೆಯ ಯಂತ್ರ ಗಂಟೆಗೊಮ್ಮೆ ನಿಂತುಬಿಡುತ್ತಿದ್ದುದರಿಂದ ಹೊಸದನ್ನು ಕೊಂಡರು. ಅದರಲ್ಲಿ ತಂತ್ರಾಂಶ ಹಾಕಿದರೆ ಬೀಗ ಕಾಣಲಿಲ್ಲವೆಂಬ ಉತ್ತರ. ಮರುದಿನ ತಂತ್ರಾಂಶದ ಮುಖ್ಯ ಕಡತವೇ ಮಾಯ! ದೇವಸ್ಥಾನವೊಂದರ ಸ್ಮರಣಸಂಚಿಕೆ ಹದಿನೈದು ದಿನಗಳೊಳಗೆ ಅಚ್ಚಿಗೆ ಹೋಗಬೇಕಿತ್ತು. ಬೀಗ ಕೆಟ್ಟಿದೆ, ಹೊಸದು ಕೊಳ್ಳಿರೆಂದರು ಕೆಲವರು; ಬೀಗ ಮುರಿದ ಕಳ್ಳಪ್ರತಿ ಹಾಕಿರೆಂದರು ಇನ್ನು ಕೆಲವರು. "ನೀನು ಓದಿದವನು, ಒಂದು ಸಲ ಬಂದು ನೋಡಪ್ಪ" ಎಂದರು ಮಾವ. ಭಾನುವಾರ ಶಿವಮೊಗ್ಗದಿಂದ ಹೋದೆ.

ಮೊದಲನೆಯದಾಗಿ, ಬೀಗವನ್ನು ಹಳೆಯ ಯಂತ್ರಕ್ಕೇ ಸಿಕ್ಕಿಸಿ ನೋಡಿದೆ. ತಂತ್ರಾಂಶ ತೆರೆಯಿತು. ಆದುದರಿಂದ ದೋಷ ಬೀಗದಲ್ಲಿರಲಿಲ್ಲ.

ಎರಡನೆಯದಾಗಿ, ಬೀಗದೊಡನೆ ಮಾತನಾಡುವ ಡ್ರೈವರನ್ನು ಪರೀಕ್ಷಿಸಿದೆ. ಹಳೆಯ ಯಂತ್ರದ ವಿಂಡೋಸ್ 32 ಬಿಟ್‌ನದು, ಹೊಸದರದು 64 ಬಿಟ್‌ನದು. 32 ಬಿಟ್‌ನ ಸಾಮಾನ್ಯ ತಂತ್ರಾಂಶ ಹೊಸದರಲ್ಲಿ ನಡೆಯುತ್ತದೆ. 32 ಬಿಟ್‌ನ ಡ್ರೈವರ್ ಮಾತ್ರ ನಡೆಯದು. ಸಿ.ಡಿ.ಯಲ್ಲಿದ್ದುದು ಅದೇ.

ಮೂರನೆಯದಾಗಿ, ಮಾಯವಾದ ಕಡತ ಆಂಟಿವೈರಸ್ಸಿನ ಬಂಧನದಲ್ಲಿತ್ತು. ಇದರ ಕಾರಣ ಸ್ವಾರಸ್ಯಕರವಾದುದು. ವಿಂಡೋಸಿನಲ್ಲಿ ತಾನೇ ನಡೆಯಬಲ್ಲ ಕಡತಕ್ಕೆ ಇ.ಎಕ್ಸ್.ಇ. ಎನ್ನುತ್ತಾರೆ. ಅದರ ಮೊದಲ ಎರಡು ಅಕ್ಷರಗಳು ಎಂ ಮತ್ತು ಝಡ್. ಡಾಸ್ ನಿರ್ಮಾಣದಲ್ಲಿ ದುಡಿದ ಮಾರ್ಕ್ ಝ್ಬಿಕೋವ್ಸ್ಕಿ ಎಂಬುವರ ಹೆಸರಿನ ಮೊದಲಕ್ಷರಗಳಿವು. ಸಾಮಾನ್ಯ ಕಡತದಲ್ಲಿ ಮುಂದಿನ ಆಜ್ಞೆಗಳು ಮುಚ್ಚುಮರೆಯಿಲ್ಲದೆ ಇರುತ್ತವೆ. ಬೀಗ ಹಾಕಿದ ಕಡತದಲ್ಲಾದರೋ ಆಜ್ಞೆಗಳೆಲ್ಲ ಗೂಢಲಿಪಿಯಲ್ಲಿರುತ್ತವೆ. ಸಣ್ಣ ಭಾಗವೊಂದು ಮೊದಲು ಎಚ್ಚೆತ್ತು, ಬೀಗವನ್ನು ವಿಚಾರಿಸಿ, ಉಳಿದುದನ್ನು ಯಂತ್ರದ ಸ್ಮೃತಿಯಲ್ಲಿ ಬಿಡಿಸುತ್ತದೆ. ಎಷ್ಟೋ ವೈರಸ್ಸುಗಳೂ ಹೀಗೆಯೇ ಮುಸುಕು ಹಾಕಿಕೊಂಡು ಬರುತ್ತವೆ. ಮುಸುಕನ್ನಷ್ಟೇ ಕಂಡ ಕಾವಲುಗಾರ ಸಾಧುವನ್ನೂ ಕಳ್ಳನೆಂದು ಹಿಡಿದಿದ್ದ.

ಹಾಗೆಂದು ಕಾವಲುಗಾರನನ್ನೇ ತೆಗೆದುಹಾಕುವುದು ವಿವೇಕವಲ್ಲ. ಮೂಲ ಸಿ.ಡಿ.ಯಿಂದಲೇ ತಂತ್ರಾಂಶವನ್ನು ಮತ್ತೆ ಹಾಕಿ, ಆ ಒಂದು ಕಡತಕ್ಕೆ ಮಾತ್ರ ವಿನಾಯಿತಿ ಕೊಟ್ಟೆ. ಮಾರಾಟಗಾರರಿಗೆ ಬರೆದು 64 ಬಿಟ್‌ನ ಡ್ರೈವರ್ ತರಿಸಿದೆವು. ಸಂಚಿಕೆ ಸಕಾಲದಲ್ಲಿ ಅಚ್ಚಿಗೆ ಹೋಯಿತು.

ಆದರೆ ನಾಳೆ ಬೀಗವೇ ಕಳೆದುಹೋದರೆ? ಮಾವನವರ ಕಡತಗಳಿರುವುದು ಆ ತಂತ್ರಾಂಶದ ಸ್ವಂತ ಅಕ್ಷರಸಂಕೇತದಲ್ಲಿ. 1991ರ ಮೊದಲ ಆವೃತ್ತಿಯಲ್ಲೇ ಯೂನಿಕೋಡ್ ಕನ್ನಡಕ್ಕೆ ಸ್ಥಾನ ಕೊಟ್ಟಿದೆ. ಅದರಲ್ಲಿ ಬರೆದುದನ್ನು ಯಾವ ಬೀಗವೂ ಇಲ್ಲದೆ ಓದಬಹುದು. ಬೀಗ ತೆರೆಯುತ್ತಿರುವಾಗಲೇ ಹಳೆಯ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಕ್ಷೇಮ. ಮಾವನವರು ಈಗ ರಾತ್ರಿ ಅಂಗಡಿ ಮುಚ್ಚುವ ಮೊದಲು ಆ ಕೆಲಸಕ್ಕೆ ಕೂರುತ್ತಾರೆ. ಇಂಥ ಕಡತಗಳನ್ನು ಉಳ್ಳ ವಾಚಕ ಮಿತ್ರರೂ ಹಾಗೆಯೇ ಮಾಡಲೆಂದು ನನ್ನ ವಿನಂತಿ.